ಮೈಕ್ ಸಿಸ್ಟರ್

ಹೋದ ತಿಂಗಳು ನಮ್ಮ ಆಸ್ಪತ್ರೆಯಲ್ಲಿ, ನಿವೃತ್ತರಾದ ಸಿಸ್ಟರಿಗೆ ಬೀಳ್ಕೊಡುಗೆ ಕೊಟ್ಟೆವು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮಾತಾಡಿದವರೆಲ್ಲ ಅವರನ್ನು ಶಾಂತಮೂರ್ತಿ ಎಂದರು, ಮಿತಭಾಷಿ ಎಂದರು, ಯಾರ ಮನಸ್ಸನ್ನೂ ನೋಯಿಸದವರು ಎಂದರು. ನಾನು ಕೊನೆಯ ಸಾಲಿನಲ್ಲಿ ಕುಳಿತು, ಯಾರಪ್ಪ ಈ ಹೆಂಗಸು ಎಂದು ಯೋಚಿಸುತ್ತಿದ್ದೆ. ಹತ್ತು ಹನ್ನೆರಡು ವರ್ಷ ನಾನು ಒಂದೇ ಜೀಪಿನಲ್ಲಿ ಜೊತೆಗೆ ತಿರುಗಿದ ಸಿಸ್ಟರ್ ಅಪ್ಪಟ ಜಗಳಗಂಟಿ. ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ಡಾಕ್ಟರಿಂದ ಹಿಡಿದು ಡ್ರೈವರ್ ತನಕ ಅವರಿಂದ ಬೈಸಿಕೊಳ್ಳದವರು ನಮ್ಮಲ್ಲಿಲ್ಲ. ಬೈಸಿಕೊಂಡ ಮರುದಿನ ಅವರ ಟಿಫಿನ್ ಡಬ್ಬಿಯಲ್ಲಿ ಪಾಲು ಸಿಗದವರೂ ಇಲ್ಲ. ವೇದಿಕೆಯ ಮೇಲೆ ಇದನ್ನು ಯಾರೂ ಹೇಳಲಿಲ್ಲ. ಹಾಗಾಗಿ ನಾನು ಇಲ್ಲಿ ಹೇಳುತ್ತಿದ್ದೇನೆ.

ನಾನು ಆ ಆಸ್ಪತ್ರೆಯ ಫಾರ್ಮಸಿಸ್ಟ್, ಶನಿವಾರಸಂತೆ ಕಡೆಯವನು. ಮಾನಸಿಕ ಆರೋಗ್ಯದ ಬಗ್ಗೆ ಊರೂರಿಗೆ ಹೋಗಿ ಜನರಿಗೆ ತಿಳಿಸಬೇಕು, ಒಂದು ಜೀಪು, ಒಂದು ಮೈಕು, ಒಬ್ಬ ನರ್ಸು, ಒಬ್ಬ ಫಾರ್ಮಸಿಸ್ಟು ಎಂದು ಮೇಲಿನಿಂದ ಆದೇಶ ಬಂದಾಗ ನರ್ಸಾಗಿ ಅವರು ತಾವೇ ಕೈ ಎತ್ತಿದರು. ಫಾರ್ಮಸಿಸ್ಟಾಗಿ ನನ್ನನ್ನು ಹಿಡಿದು ಹಾಕಿದರು. ನನಗೆ ಘಾಟಿಯ ತಿರುವೂ ಆಗದು, ಜಿಗಣೆಯೂ ಆಗದು. ಜೀಪು ನಿಂತಲ್ಲೆಲ್ಲ ನಾನು ಮೊದಲು ಪ್ಯಾಂಟು ಮೇಲೆತ್ತಿ ಕಾಲು ನೋಡಿಕೊಳ್ಳುತ್ತಿದ್ದೆ. "ಶಿವಣ್ಣ, ನಿಮ್ಮಲ್ಲಿ ರಕ್ತ ಎಷ್ಟು ಉಂಟು ಅಂತ ಜಿಗಣೆಗೂ ಗೊತ್ತು, ಅದು ಬರೋದಿಲ್ಲ ಬನ್ನಿ" ಎಂದು ಅವರು ಅಷ್ಟು ಜನರ ಮುಂದೆ ನಗಾಡುತ್ತಿದ್ದರು.

ಮೊದಲ ಶಿಬಿರ ಗೋಣಿಕೊಪ್ಪಲಿನಲ್ಲಿ, ಸಂತೆಯ ದಿನ. ಬಸ್‌ಸ್ಟ್ಯಾಂಡಿನ ಹತ್ತಿರ ಶಾಮಿಯಾನ ಹಾಕಿ, ಅದರ ಮೇಲೆ ಆಳುದ್ದದ ಬ್ಯಾನರ್ ಕಟ್ಟಿದ್ದೆವು: ಮಾನಸಿಕ ರೋಗಿಗಳ ಉಚಿತ ತಪಾಸಣಾ ಶಿಬಿರ. ಜನ ನಮ್ಮ ಶಾಮಿಯಾನ ಕಂಡದ್ದೇ ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗತೊಡಗಿದರು. ಬಿಸಿಲು ತಾಳಲಾರದೆ ಒಬ್ಬ ಒಳಗೆ ಬಂದು ಕುಳಿತ, ತಲೆ ಎತ್ತಿ ಬ್ಯಾನರ್ ಓದಿದ, ಎದ್ದು ಹೋದ. ಮಧ್ಯಾಹ್ನದ ತನಕ ನೊಣ ಹೊಡೆದು ಸಿಸ್ಟರ್ ಜೀಪು ಹತ್ತಿ ಕುಳಿತರು. ಕೈಯಲ್ಲಿದ್ದ ಮೈಕು ಆರಿಸಿದೆ ಎಂದುಕೊಂಡು ಡ್ರೈವರನ ಹತ್ತಿರ ಶುರು ಮಾಡಿದರು.

"ಎಂತ ಜನ ಮಾರಾಯ! ಮನೇಲಿ ಹೆಂಡ್ತಿ ಊಟ ಬಿಟ್ಟು ಗೋಡೆ ನೋಡ್ತಾ ಕೂತ್ರೆ ದೃಷ್ಟಿ ತೆಗೀತಾರೆ. ಗಂಡಸು ರಾತ್ರಿಯೆಲ್ಲ ಅಂಗಳದಲ್ಲಿ ಸುತ್ತಿದ್ರೆ ಗಾಳಿ ಹಿಡೀತು ಅಂತಾರೆ. ಒಂದು ಮಾತ್ರೆ ತಿಂದ್ರೆ ಹೋಗೋದಕ್ಕೆ ಇಷ್ಟು ಒದ್ದಾಟ! ಆದ್ರೆ ಅವರನ್ನ ಬೈದು ಎಂತ ಮಾಡೋದು? ಈ ಬ್ಯಾನರ್ ಬರೆಸಿದವರ ತಲೆಗೆ ಮೊದಲು ಮದ್ದು ಕೊಡ್ಬೇಕು. ಇಷ್ಟು ದೊಡ್ಡ ಅಕ್ಷರ ನೋಡಿದ್ರೆ ನಾನೇ ಬರ್ತಿರ್ಲಿಲ್ಲ!"

ಇಡೀ ಸಂತೆಗೆ ಕೇಳಿಸಿತು. ಮೀನಿನ ಸಾಲಿನಿಂದ ತರಕಾರಿ ಸಾಲಿನ ತನಕ ನಗು ಎದ್ದಿತು. ನಾನು ಮುಖ ಮುಚ್ಚಿಕೊಂಡೆ. ಆದರೆ ಸ್ವಲ್ಪ ಹೊತ್ತಿಗೆ ಹಸಿಮೆಣಸು ಮಾರುವ ಒಬ್ಬಾಕೆ ಜೀಪಿನ ಹಿಂದುಗಡೆಯಿಂದ ಬಂದು, "ಸಿಸ್ಟ್ರೇ, ಗೋಡೆ ನೋಡ್ತಾ ಕೂರೋದು ಅಂದ್ರಲ್ಲ, ಅದು ಕಾಯಿಲೆಯಾ? ನನ್ನ ಸೊಸೆ ಹಾಗೇ ಕೂರ್ತಾಳೆ" ಎಂದು ಮೆಲ್ಲಗೆ ಕೇಳಿದಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ಬಂದರು. ಅವತ್ತಿನಿಂದ ಅವರು ಎಲ್ಲರ ಬಾಯಲ್ಲಿ ಮೈಕ್ ಸಿಸ್ಟರ್ ಆದರು. ಬ್ಯಾನರನ್ನು ಬಿಚ್ಚಿ, ಅಕ್ಷರ ಒಳಗಾಗುವ ಹಾಗೆ ಮಡಿಸಿ, ಸೋರುತ್ತಿದ್ದ ಜೀಪಿನ ಟಾಪಿಗೆ ಹೊದೆಸಿದರು.

ಆಮೇಲೆ ಶಿಬಿರದ ರೀತಿಯೇ ಬದಲಾಯಿತು. ಒಂದು ಮೇಜು, ಎರಡು ಕುರ್ಚಿ, ಬಿಪಿ ನೋಡುವ ಮಿಷನ್. ಬಿಪಿ ನೋಡಿಸಿಕೊಳ್ಳಲು ನಮ್ಮ ಜನಕ್ಕೆ ನಾಚಿಕೆಯಿಲ್ಲ, ಅದೊಂದು ಮರ್ಯಾದೆಯ ಕಾಯಿಲೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕುವಾಗ ಎದ್ದು ಹೋಗಲು ಯಾರಿಗೂ ಆಗುವುದಿಲ್ಲ. ಆ ಹೊತ್ತಿಗೇ ಅವರು, "ನಿದ್ರೆ ಬರ್ತದಾ?" ಎಂದು ಕೇಳುತ್ತಿದ್ದರು. ಎದುರಿಗಿದ್ದವರು ನಿಜವಾಗಿ ಮಾತಾಡಲು ತೊಡಗಿದರೆ ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದರು. ಅದನ್ನು ಕಂಡರೆ ಇನ್ನು ಊಟ ಸಂಜೆಗೇ ಎಂದು ನನ್ನ ಲೆಕ್ಕ.

ಅವರಿಗೆ ಐದು ಭಾಷೆ ಬರುತ್ತಿತ್ತು. ಮನೆಮಾತಾದ, ನಮ್ಮ ಕಡೆ ಗೌಡರು ಆಡುವ ಅರೆಭಾಷೆ ಬಿಟ್ಟರೆ ಉಳಿದ ನಾಲ್ಕನ್ನೂ ತಪ್ಪುತಪ್ಪಾಗಿ ಆಡುತ್ತಿದ್ದರು. ಆ ತಪ್ಪನ್ನು ತಿದ್ದುವುದಕ್ಕೆಂದೇ ಜನ ಮಾತಿಗೆ ಕೂರುತ್ತಿದ್ದರು. ನನಗೂ ಒಂದು ಕಟ್ಟಳೆ ಇತ್ತು. ನಿದ್ರೆಗೆ, ಮನಸ್ಸಿಗೆ ಎಂದು ಡಾಕ್ಟರು ಬರೆದ ಮಾತ್ರೆಗಳನ್ನು ಬಿಪಿ ಮಾತ್ರೆಯ ಕವರಿನಲ್ಲೇ ಹಾಕಿ, ಅದೇ ದನಿಯಲ್ಲಿ ಹೇಳಿ ಕೊಡಬೇಕು. ದನಿ ಇಳಿಸಿದರೆ ಬೈಗುಳ. "ಕಳ್ಳಮಾಲು ಕೊಡೋ ಹಾಗೆ ಯಾಕೆ ಪಿಸುಗುಡ್ತೀರಿ? ದಿನಕ್ಕೆ ಎರಡು, ಊಟ ಆದ ಮೇಲೆ ಅಂತ ಗಟ್ಟಿಯಾಗಿ ಹೇಳಿ."

ಮಧ್ಯಾಹ್ನದ ಊಟಕ್ಕೆ ಜೀಪಿನ ಬಾನೆಟ್ಟೇ ಮೇಜು. ನಾನು ಸಸ್ಯಾಹಾರಿ, ಅವರ ಡಬ್ಬಿಯಲ್ಲಿ ಅಕ್ಕಿರೊಟ್ಟಿಯ ಜೊತೆ ಹಂದಿಮಾಂಸದ ಪಲ್ಯ. ಗಾಳಿ ಯಾವ ಕಡೆ ಬೀಸುತ್ತದೆಂದು ಬೆರಳು ಒದ್ದೆ ಮಾಡಿ ನೋಡಿ, ನನ್ನನ್ನು ಗಾಳಿ ಬರುವ ಕಡೆಗೆ ನಿಲ್ಲಿಸುತ್ತಿದ್ದರು. "ಈಗ ನಿಮ್ಮ ಮಡಿಗೆ ಎಂತದೂ ಆಗೋದಿಲ್ಲ, ತಿನ್ನಿ" ಎಂದು ನನಗೆಂದೇ ಬೇರೆ ಡಬ್ಬಿಯಲ್ಲಿ ತಂದ ಎಳೆ ಬಿದಿರಿನ ಕಣಿಲೆ ಸಾರು ಮುಂದಿಡುತ್ತಿದ್ದರು. ಆ ಬೇರೆ ಡಬ್ಬಿಯನ್ನು ಅವರು ಒಂದು ದಿನವೂ ಮರೆತದ್ದಿಲ್ಲ.

ಚೆಟ್ಟಳ್ಳಿ ಕಡೆಯ ಒಂದು ಎಸ್ಟೇಟಿನಲ್ಲಿ ನಡೆದದ್ದನ್ನು ಹೇಳಲೇಬೇಕು. ಆಳುಗಳ ಲೆಕ್ಕ ನೋಡುವ ಅಲ್ಲಿನ ರೈಟರ್ ಶಿಸ್ತಿನ ಮನುಷ್ಯ. ಬೆಳಿಗ್ಗೆ ಹಣ್ಣು ಕೀಳುವ ಪಿಕಿಂಗಿಗೆ ಮೊದಲು ಆಳುಗಳನ್ನೆಲ್ಲ ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಿಸಿ, ಅರೇಬಿಕಾಕ್ಕೆ ಇಷ್ಟು ಜನ, ರೋಬಸ್ಟಾಕ್ಕೆ ಇಷ್ಟು ಜನ ಎಂದು ಎರಡು ಭಾಗ ಮಾಡುವುದು ಅವನ ದಿನದ ಕೆಲಸ. ನಾವು ಹೋದ ದಿನ ನಮಗೆ ಅನುಕೂಲವಾಗಲಿ ಎಂದು ಅದೇ ದನಿಯಲ್ಲಿ ಕೂಗಿದ: "ತಲೆ ಸರಿ ಇರೋರೆಲ್ಲ ಇಲ್ಲೇ ನಿಲ್ಲಿ. ಮೆಂಟಲ್ ಪ್ರಾಬ್ಲಂ ಇರೋರು ಆ ಸಿಲ್ವರ್ ಮರದ ಹತ್ರ ಹೋಗಿ. ಬೇಗ ಬೇಗ, ಪಿಕಿಂಗಿಗೆ ಟೈಮಾಯ್ತು!"

ಒಬ್ಬರೂ ಅಲುಗಾಡಲಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ಹತ್ತಿರ ಸರಿದು ನಿಂತರು. ರೈಟರ್ ಹೆಮ್ಮೆಯಿಂದ ನಮ್ಮ ಕಡೆ ತಿರುಗಿ, "ನಮ್ಮಲ್ಲಿ ಯಾರೂ ಇಲ್ಲ ಸಿಸ್ಟರ್, ಎಲ್ಲ ಗಟ್ಟಿ ಆಳುಗಳು" ಎಂದ.

ಸಿಸ್ಟರ್ ಅವನಿಗೆ ಬೈಯುತ್ತಾರೆಂದು ನಾನು ಕಾದೆ. ಬೈಯಲಿಲ್ಲ. ಮೈಕು ಹಿಡಿದುಕೊಂಡೇ ನಡೆದು ಹೋಗಿ ಸಿಲ್ವರ್ ಮರದ ಬುಡದಲ್ಲಿ ಒಬ್ಬರೇ ನಿಂತರು.

"ರೈಟ್ರೇ, ನಾನು ಈ ಕಡೆಯವಳು" ಎಂದರು. "ಮಗಳು ಹುಟ್ಟಿದ ಮೇಲೆ ನಂಗೆ ತುಂಬ ದಿನ ನಿದ್ರೆ ಇರ್ಲಿಲ್ಲ. ಹೆತ್ತ ಮಗುವಿನ ಮುಖ ನೋಡೋಕೆ ಮನಸ್ಸಿರ್ಲಿಲ್ಲ. ಮಗು ಅತ್ರೆ ನಾನು ಬಾವಿ ಕಡೆ ನೋಡ್ತಿದ್ದೆ. ಡಾಕ್ಟ್ರು ಮಾತ್ರೆ ಕೊಟ್ರು, ತಿಂದೆ, ಸರಿ ಆಯ್ತು. ಆ ಮಗು ಈಗ ಕಾಲೇಜಲ್ಲಿ ಪಾಠ ಹೇಳ್ತದೆ. ನಾನು ನಿಮ್ಮ ಮುಂದೆ ನಿಂತಿದ್ದೇನೆ. ಇಲ್ಲಿ ನೆರಳು ಚೆನ್ನಾಗುಂಟು, ಬರೋರು ಬನ್ನಿ."

ಅಷ್ಟು ವರ್ಷ ಜೊತೆಗಿದ್ದ ನನಗೂ ಅದು ಗೊತ್ತಿರಲಿಲ್ಲ. ಮೊದಲು ಒಬ್ಬ ತಮಿಳು ಹೆಂಗಸು ಕುಕ್ಕೆ ಕೆಳಗಿಟ್ಟು ಹೋದಳು. ಆಮೇಲೆ ಅಸ್ಸಾಮಿನ ಹುಡುಗನೊಬ್ಬ ಹೋದ. ಸ್ವಲ್ಪ ಹೊತ್ತಿಗೆ ಸಿಲ್ವರ್ ಮರದ ಕಡೆ ಕಣಕ್ಕಿಂತ ಹೆಚ್ಚು ಜನ ಇದ್ದರು. ರೈಟರ್ ಪಾಪ, ಪಿಕಿಂಗಿಗೆ ಯಾರನ್ನು ಕಳಿಸುವುದೆಂದು ತಿಳಿಯದೆ ಅಲ್ಲಿಗೂ ಇಲ್ಲಿಗೂ ಓಡಾಡಿದ.

ಅವತ್ತಿನಿಂದ ಎಲ್ಲೇ ಶಿಬಿರ ಮಾಡಲಿ, ಅವರು ಆ ಮಾತನ್ನು ಹೇಳಿಯೇ ಮುಂದಿನದಕ್ಕೆ ಹೋಗುತ್ತಿದ್ದರು. ಅದನ್ನು ಹೇಳಿದ ಕಡೆ ಜನ ಬಾಯಿ ಬಿಡುತ್ತಿದ್ದರು, ನಾನೇ ನೋಡಿದ್ದೇನೆ.

ತೊಂದರೆ ಬಂದದ್ದು ಮಗಳಿಗೆ ಸಂಬಂಧ ಕೂಡಿ ಬಂದಾಗ. ಸಿಸ್ಟರದು ಗಂಡನಿಲ್ಲದ ಮನೆ, ಒಬ್ಬಳೇ ಮಗಳು. ಗಂಡಿನವರದು ಭಾಗಮಂಡಲ ಕಡೆಯ ಗೌಡರ ಮನೆತನ, ಹುಡುಗ ಪಶು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದ. ಹುಡುಗ ಹುಡುಗಿ ಒಪ್ಪಿಕೊಂಡಿದ್ದರು. ಸಿಸ್ಟರ್ ಹೋಗಿ ಅವರ ಮನೆಯನ್ನೂ ನೋಡಿ ಬಂದಿದ್ದರು. ಹುಡುಗನ ತಾಯಿ ತುಂಬ ಒಳ್ಳೆಯವರು, ದೊಡ್ಡ ಮಗ ವಯನಾಡಿನ ಎಸ್ಟೇಟೊಂದರಲ್ಲಿದ್ದಾನಂತೆ, ರಜೆ ಸಿಗದೆ ಬಂದಿರಲಿಲ್ಲ ಎಂದು ನನ್ನ ಹತ್ತಿರ ಹೇಳಿದ್ದರು. ಇನ್ನು ನಿಶ್ಚಿತಾರ್ಥದ ವೀಳ್ಯಶಾಸ್ತ್ರಕ್ಕೆ ದಿನ ಗೊತ್ತು ಮಾಡುವುದೊಂದೇ ಬಾಕಿ. ಅಷ್ಟರಲ್ಲಿ ನಮ್ಮ ಶಿಬಿರ ಭಾಗಮಂಡಲದಲ್ಲೇ ಬಿತ್ತು. ಅಧ್ಯಕ್ಷತೆಗೆ ಕರೆದ ಊರಿನ ಹಿರಿಯರು ಯಾರೆಂದರೆ ಹುಡುಗನ ಚಿಕ್ಕಪ್ಪ.

ನಮ್ಮ ಕಡೆ ಹೆಣ್ಣು ತರುವಾಗ ಬಣ್ಣ ಬಿಟ್ಟಾರು, ಓದು ಬಿಟ್ಟಾರು, ವಂಶದಲ್ಲಿ ಯಾರಿಗಾದರೂ ತಲೆ ಕೆಟ್ಟಿತ್ತೇ ಎಂದು ಕೇಳುವುದನ್ನು ಬಿಡುವುದಿಲ್ಲ. ಜೀಪು ಏರು ಹತ್ತುವಾಗ ನಾನು ತಡೆಯಲಾರದೆ ಹೇಳಿಬಿಟ್ಟೆ.

"ಅಕ್ಕ, ಇವತ್ತೊಂದಿನ ಆ ಮಾತು ಬ್ಯಾಡ. ಬಿಪಿ ನೋಡಿ, ನಿದ್ದೆ ವಿಷಯ ಹೇಳಿ, ಬಂದ್ಬಿಡಾಣ. ಹುಡುಗಿ ಬಾಳಿನ ಪ್ರಶ್ನೆ ಇದು. ಮದ್ವೆ ಮುಗುದ್ಮೇಲೆ ಎಷ್ಟು ಬೇಕಾದ್ರೂ ಹೇಳ್ಕಳಿ."

ಅವರು ಕೈಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿ ನನ್ನ ಕಡೆ ತಿರುಗಿದರು.

"ನಂಗೆ ಹೆದರಿಕೆ ಇಲ್ಲ ಅಂದ್ಕೊಂಡ್ರಾ ಶಿವಣ್ಣ? ನಿನ್ನೆ ಮಗಳ ಹತ್ರ ಕೇಳಿದೆ, ಹೇಳ್ಲಾ ಬೇಡ್ವಾ ಅಂತ. ಅದು ನನ್ನ ಕಥೆಯೂ ಹೌದಲ್ಲಮ್ಮ, ನಾನು ಹುಟ್ಟಿದ ಕಥೆ, ಹೇಳು ಅಂದ್ಳು. ಮತ್ತೆ ಬೇರೆಯವರ ಮನೆ ಹೆಣ್ಣುಮಕ್ಕಳಿಗೆ ಎಂತದೂ ಮುಚ್ಚಿಡ್ಬೇಡಿ ಅಂತ ಹೇಳಿ, ನನ್ನ ಮಗಳ ಹೊತ್ತಿಗೆ ನಾನು ಮುಚ್ಚಿಡೋದಾ?"

ಪಂಚಾಯಿತಿ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಚಿಕ್ಕಪ್ಪ, ಹೆಂಗಸರ ಕಡೆ ಹುಡುಗನ ತಾಯಿ. ಬೀಗಿತ್ತಿಯಾಗುವವರು ಮಾತಾಡುತ್ತಾರೆಂದು ಆಕೆ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಸಿಸ್ಟರ್ ಮೈಕು ಹಿಡಿದರು, ಮತ್ತೆ ಕೆಳಗಿಟ್ಟರು. ನೀರು ಕುಡಿದರು. ನಿದ್ರೆಯ ಬಗ್ಗೆ, ಕುಡಿತದ ಬಗ್ಗೆ ಹೇಳಿದರು. ಬಿಟ್ಟರು, ಬದುಕಿದೆವು ಎಂದು ನಾನು ಉಸಿರು ಬಿಡುವಷ್ಟರಲ್ಲಿ, "ಮಗಳು ಹುಟ್ಟಿದ ಮೇಲೆ ನಂಗೆ ತುಂಬ ದಿನ ನಿದ್ರೆ ಇರ್ಲಿಲ್ಲ" ಎಂದು ಶುರು ಮಾಡಿ, ಬಾವಿಯ ಮಾತನ್ನೂ ಬಿಡದೆ ಪೂರ್ತಿ ಹೇಳಿದರು.

ಚಿಕ್ಕಪ್ಪ ತಲೆ ಎತ್ತಿ ಹೆಂಚು ನೋಡತೊಡಗಿದರು. ಹುಡುಗನ ತಾಯಿ ಎದ್ದರು. ಕಾಫಿಗೂ ನಿಲ್ಲದೆ, ಕೊಡೆ ಬಿಡಿಸಿಕೊಂಡು ಮಳೆಯಲ್ಲೇ ಹೊರಟುಹೋದರು.

ವಾಪಸು ಜೀಪು ಹತ್ತಿದೆವು. ಒಂದು ತಿರುವಿನಲ್ಲಿ ಹಾರ್ನ್ ಹಾಕಲಿಲ್ಲವೆಂದು ಅವರು ಡ್ರೈವರನಿಗೆ ಬೈದಾಗ ನನಗೆ ಸ್ವಲ್ಪ ಜೀವ ಬಂದಂತಾಯಿತು.

ವೀಳ್ಯಶಾಸ್ತ್ರದ ದಿನ ಹೇಳಲು ಬರಬೇಕಿದ್ದ ಫೋನು ಆ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಹುಡುಗನ ದನಿಯೂ ಇಲ್ಲ. ಸಿಸ್ಟರ್ ವಾರ್ಡಿನಲ್ಲಿ ನಡೆಯುತ್ತಲೇ ಫೋನು ತೆಗೆದು ನೋಡುವುದು, ಮತ್ತೆ ಕೋಟಿನ ಜೇಬಿಗೆ ಹಾಕುವುದು. ಒಂದು ಮಧ್ಯಾಹ್ನ ಔಷಧಿ ಸ್ಟೋರಿಗೆ ಬಂದವರು ಬಾಗಿಲ ಹಿಂದೆ ನಿಂತು ಅತ್ತರು.

"ನಾನು ಹೇಳ್ಬಾರ್ದಿತ್ತು ಶಿವಣ್ಣ. ಅವಳೇನೂ ಅನ್ನೋದಿಲ್ಲ, ನಗ್ತಾ ಕಾಲೇಜಿಗೆ ಹೋಗ್ತಾಳೆ. ನಂಗೇ ಅವಳ ಮುಖ ನೋಡೋಕಾಗ್ತಿಲ್ಲ."

ನಾನು ಒಂದು ಲೋಟ ನೀರು ಕೊಟ್ಟೆ. ಮರುದಿನ ಬೇರೊಂದು ಊರಿನಲ್ಲಿ ಶಿಬಿರ. ಇನ್ನು ಅವರ ಬಾಯಲ್ಲಿ ಆ ಮಾತು ಬರಲಾರದು ಎಂದುಕೊಂಡಿದ್ದೆ. ಬಂತು. ಬಾವಿಯ ಮಾತನ್ನೂ ಬಿಡಲಿಲ್ಲ. ಆ ಹೊತ್ತು ನನಗೆ ಅವರ ಮೇಲೆ ಬಂದ ಪ್ರೀತಿಯನ್ನು ನಾನು ಯಾವ ಬೀಳ್ಕೊಡುಗೆಯಲ್ಲೂ ಹೇಳಲಾರೆ.

ನಮ್ಮ ಆಸ್ಪತ್ರೆಗೆ ಮನೋವೈದ್ಯರು ವಾರಕ್ಕೊಂದು ದಿನ ಬರುತ್ತಿದ್ದರು. ಹಾಗೆ ಅವರು ಬಂದ ಒಂದು ದಿನ ನಾನು ಕಿಟಕಿಯಲ್ಲಿ ಮಾತ್ರೆ ಕೊಡುತ್ತಿದ್ದಾಗ ಹುಡುಗನ ತಾಯಿ ಬರುವುದು ಕಂಡಿತು. ಸಂಬಂಧ ಬೇಡವೆಂದು ಮುಖ ಕೊಟ್ಟು ಹೇಳಲು ಬಂದಿದ್ದಾರೆ, ಅಷ್ಟರಮಟ್ಟಿಗೆ ದೊಡ್ಡವರು ಎಂದುಕೊಂಡೆ. ಅವರ ಬೆನ್ನ ಹಿಂದೆ ಒಬ್ಬ ಗಂಡಸು. ಮೂವತ್ತು ದಾಟಿರಬೇಕು. ಅಂಗಿಯ ಗುಂಡಿಯನ್ನು ಕುತ್ತಿಗೆಯ ತನಕ ಹಾಕಿಕೊಂಡು, ನೆಲ ನೋಡುತ್ತಾ, ತಾಯಿಯ ಸೆರಗಿನ ತುದಿ ಹಿಡಿದು ನಿಂತಿದ್ದ.

ಸಿಸ್ಟರ್ ಸ್ಟೋರಿನ ಬಾಗಿಲಲ್ಲೇ ಇದ್ದರು. ಆಕೆ ನೇರ ಅವರ ಮುಂದೆ ಬಂದು ನಿಂತರು.

"ಇವ ನನ್ನ ದೊಡ್ಡ ಮಗ" ಎಂದರು. "ವಯನಾಡಲ್ಲಿ ಎಂತದೂ ಇಲ್ಲೆ. ಮನೇಲೇ ಇರೋದು, ಎಂಟು ವರ್ಷದಿಂದ ಕೋಣೆ ಬಿಟ್ಟು ಬರೋದಿಲ್ಲ. ನೀವು ಮನೆ ನೋಡ್ಲಿಕ್ಕೆ ಬಂದ ದಿನ ಇವನನ್ನ ಮೇಲಿನ ತೋಟದ ಮನೆಗೆ ಕಳ್ಸಿದ್ದೆವು. ಚಿಕ್ಕವನ ಮದುವೆಯೂ ತಪ್ಪಿಹೋಗ್ತದೆ ಅಂತ ಹೆದರಿಕೆ. ಅವತ್ತು ಹಾಲಲ್ಲಿ ಅಷ್ಟು ಜನರ ಮುಂದೆ ನೀವು ಹೇಳೋವಾಗ ನಂಗೆ ಅಲ್ಲಿ ಕೂರ್ಲಿಕ್ಕೆ ಆಗ್ಲಿಲ್ಲ. ನೀವು ನಿಮ್ಮದನ್ನ ಹೇಳಿದ್ರಿ, ನಾನು ಹೆತ್ತ ಮಗನ್ನ ಮುಚ್ಚಿಟ್ಟು ನಿಮ್ಮ ಹತ್ರ ಹೆಣ್ಣು ಕೇಳಿದ್ದೆ. ಇವನನ್ನ ಹೊರಡಿಸ್ಲಿಕ್ಕೆ ಇಷ್ಟು ದಿನ ಬೇಕಾಯ್ತು."

ಸೆರಗಿನಿಂದ ಕಣ್ಣು ಒರೆಸಿಕೊಂಡು ಕೇಳಿದರು: "ಈಗ ನೀವೇ ಹೇಳಿ. ಹೆಣ್ಣು ಕೊಡ್ತೀರಾ?"

ಇಷ್ಟು ದಿನ ನಾವು ಹೆದರಿದ್ದು ಗಂಡಿನವರ ಮಾತಿಗೆ. ಈಗ ಮಾತು ಸಿಸ್ಟರ್ ಬಾಯಿಗೆ ಬಂದು ನಿಂತಿತ್ತು. ಮೈಕಿನಲ್ಲಿ ಊರಿಗೆ ಹೇಳುವುದು ಬೇರೆ, ಹೆತ್ತ ಮಗಳನ್ನು ಆ ಮನೆಗೆ ಕೊಡುವುದು ಬೇರೆ. ಅವರ ಮುಖದಲ್ಲಿ ಒಂದು ಗಳಿಗೆ ತಾಯಿಯ ದಿಗಿಲು ಬಂದದ್ದನ್ನು ನಾನು ಕಂಡೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಅವರು ಆ ಮಗನ ಕಡೆ ತಿರುಗಿದರು.

"ಇಷ್ಟು ದೂರ ಬಸ್ಸಲ್ಲಿ ಬಂದ್ರಲ್ಲ, ಎಂತಾದ್ರೂ ತಿಂದಿರಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಮೊದಲು ಕಾಫಿ ಕುಡಿಯುವ. ಆಮೇಲೆ ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೇನೆ." ಆಮೇಲೆ ತಾಯಿಯ ಕೈ ಹಿಡಿದು ಹೇಳಿದರು, "ಹೆಣ್ಣು ನಾನು ಕೊಡೋದಲ್ಲ ಅಕ್ಕ, ಅವಳು ಬರೋದು. ಇವತ್ತೇ ಎಲ್ಲ ಹೇಳಿ, ಅವಳನ್ನ ಕೇಳ್ತೇನೆ."

ಮರುದಿನ ಬೆಳಿಗ್ಗೆ ಸಿಸ್ಟರ್ ಸ್ಟೋರಿಗೆ ಬಂದು ಮಗಳ ಉತ್ತರ ಹೇಳಿದರು. ಹೇಳುವಾಗ ನಗು ತಡೆಯಲು ಆಗುತ್ತಿರಲಿಲ್ಲ. ಹುಡುಗನ ಜೊತೆ ಅವಳು ಫೋನಿನಲ್ಲಿ ಮೊದಲು ಚೆನ್ನಾಗಿ ಜಗಳ ಮಾಡಿದಳಂತೆ, ಅಣ್ಣನನ್ನು ಯಾಕೆ ಬಚ್ಚಿಟ್ಟೆ ಎಂದು. ಆಮೇಲೆ ಅಮ್ಮನಿಗೆ ಹೇಳಿದ್ದು ಇಷ್ಟು: "ಮದುವೆ ದಿನ ಭಾವ ಯಾವ ಊರಲ್ಲಿ ಇರ್ತಾರೆ ಅಂತ ಕೇಳಮ್ಮ. ಮಂಟಪದಲ್ಲಿ ಇರ್ತಾರೆ ಅಂದ್ರೆ ನಂಗೆ ಒಪ್ಪಿಗೆ."

ಮದುವೆ ಮಳೆಗಾಲ ಕಳೆದು ಬೇಸಿಗೆಯಲ್ಲಿ ನಡೆಯಿತು. ಆ ತಿಂಗಳುಗಳಲ್ಲಿ ದೊಡ್ಡ ಮಗ ಪ್ರತಿ ಸಲವೂ ನನ್ನ ಕಿಟಕಿಗೆ ಬಂದು ಮಾತ್ರೆ ಒಯ್ದ. ಪೂರ್ತಿ ಸರಿಯಾದ ಎಂದು ನಾನು ಹೇಳುವುದಿಲ್ಲ. ಮದುವೆಯ ದಿನವೂ ಅವನ ಕೈ ಸಣ್ಣಗೆ ನಡುಗುತ್ತಿತ್ತು. ಆದರೆ ಬಿಳಿ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಪಂಕ್ತಿಯಲ್ಲಿ ಪಾಯಸದ ಬಕೆಟು ಹಿಡಿದು ಬಂದ. ನನ್ನ ಎಲೆಗೆ ಬಡಿಸಿದ್ದರಲ್ಲಿ ಅರ್ಧ ಎಲೆಯ ಆಚೆಗೆ ಬಿತ್ತು. ನಾನು ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡೆ.

ಅವನನ್ನು ಎಂಟು ವರ್ಷ ಕಾಣದಿದ್ದ ನೆಂಟರೆಲ್ಲ ಇವನು ಯಾರೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅವನ ತಾಯಿ ಬೀಗರ ಉಪಚಾರವನ್ನೂ ಬಿಟ್ಟು ಪಂಕ್ತಿಯ ಉದ್ದಕ್ಕೂ ಮಗನ ಜೊತೆಗೇ ನಡೆದು ಬಂದರು. "ಇವ ನನ್ನ ದೊಡ್ಡ ಮಗ" ಎಂದು ಕೇಳಿದವರಿಗೂ ಹೇಳಿದರು, ಕೇಳದವರಿಗೂ ಹೇಳಿದರು.